ಎರಡು ಬೆರಳು ಹೆಚ್ಚಿದ್ದ ಕೋವಿ

ಕೋವಿಯ ವಿಷಯ ಬರೆಯಬೇಡ ಎಂದು ನನ್ನ ದೊಡ್ಡ ಮಗ, ನಿಮ್ಮ ದೊಡ್ಡಪ್ಪ, ಹೇಳಿದ್ದಾನೆ. ಹಬ್ಬ ಬರಿ, ಅಡಿಗೆ ಬರಿ, ನೀನು ಓದಿದ ಶಾಲೆಯ ಬಗ್ಗೆ ಬರಿ ಅಮ್ಮ, ಮಕ್ಕಳಿಗೆ ಅಷ್ಟು ಸಾಕು, ಸತ್ತುಹೋದ ಹಿರಿಯರ ಮರ್ಯಾದೆ ಯಾಕೆ ತೆಗೆಯುತ್ತೀಯ ಎಂದ. ನಾನು ಅವನಿಗೆ ಎದುರು ಮಾತನಾಡಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಚಿಕ್ಕಂದಿನಲ್ಲೂ ಬರಲಿಲ್ಲ, ಈಗಲೂ ಬರುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಹೆಸರು ಕೇಳಿದರೆ ಸೆರಗಿನ ತುದಿ ಹುಡುಕುತ್ತೇನೆ. ಆದರೆ ಪೆನ್ನು ಹಿಡಿದು ಕೂತಾಗ ಎದುರಿಗೆ ಯಾರೂ ಇರುವುದಿಲ್ಲ. ಹಾಗಾಗಿ ಕೋವಿಯ ವಿಷಯವನ್ನೇ ಬರೆಯುತ್ತೇನೆ. ಹಬ್ಬ, ಅಡಿಗೆ ಎಲ್ಲರ ಮನೆಯಲ್ಲೂ ಇದ್ದವು. ನನ್ನ ಅವ್ವ ಎಂಥವಳು, ನಾನು ಯಾರ ಮಗಳು ಎಂಬುದು ಆ ಕೋವಿಯನ್ನು ಬಿಟ್ಟರೆ ನಿಮಗೆ ತಿಳಿಯುವುದಿಲ್ಲ.

ನಮ್ಮ ತವರುಮನೆ ಕೊಪ್ಪದಿಂದ ನರಸಿಂಹರಾಜಪುರದ ಕಡೆ ಹೋಗುವ ದಾರಿಯಿಂದ ಒಳಗೆ, ಗದ್ದೆ ಮುಗಿದು ಕಾಡು ಶುರುವಾಗುವ ಜಾಗದಲ್ಲಿತ್ತು. ಮನೆಯ ಮುಂಭಾಗಕ್ಕೆ ಉದ್ದಕ್ಕೂ ಜಗಲಿ. ಅಂಗಳದಿಂದ ಮೆಟ್ಟಿಲು ಹತ್ತಿದರೆ ಜಗಲಿ, ಜಗಲಿಯಿಂದ ಹೊಸ್ತಿಲು ದಾಟಿದರೆ ನಡುಮನೆ, ಅದರಾಚೆ ಅಡಿಗೆಮನೆ. ಗಂಡಸರ ಊಟ, ನೆಂಟರ ಮಾತು, ಅಕ್ಕಪಕ್ಕದವರ ಜಗಳ, ಅದರ ರಾಜಿ, ಹೆಣ್ಣು ನೋಡುವ ಶಾಸ್ತ್ರ, ಎಲ್ಲವೂ ಜಗಲಿಯಲ್ಲೇ. ಆ ಜಗಲಿಯ ಗೋಡೆಯಲ್ಲಿ, ನಡುಮನೆಯ ಬಾಗಿಲಿನ ಮೇಲ್ಗಡೆ, ಎರಡು ಮರದ ಗೂಟಗಳ ಮೇಲೆ ಕೋವಿ ಮಲಗಿರುತ್ತಿತ್ತು. ಒಳಗೆ ಹೋಗುವವರೂ ಹೊರಗೆ ಬರುವವರೂ ಅದರ ಕೆಳಗೇ ಹಾಯಬೇಕು. ಹೊಸ ಅಕ್ಕಿಯ ಊಟದ ದಿನ ಮೊದಲ ತುತ್ತನ್ನು ಅಪ್ಪಯ್ಯ ಎಡಗೈಯಲ್ಲಿ ಎಲೆ ಹಿಡಿದು ಅದಕ್ಕೆ ತೋರಿಸುತ್ತಿದ್ದರು. ಆಮೇಲೆ ಅಜ್ಜಿಗೆ, ಆಮೇಲೆ ಗಂಡಸರಿಗೆ. ಅವ್ವನ ಸರದಿ ಬರುವಾಗ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸುತ್ತಿತ್ತು.

ಕೋವಿ ಎಂದರೆ ಎಲ್ಲರೂ ಕಬ್ಬಿಣದ ನಳಿಗೆಯನ್ನು ನೋಡುತ್ತಾರೆ. ನಾನು ಹೇಳಬೇಕಾಗಿರುವುದು ಅದರ ಮರದ ವಿಷಯ. ನಳಿಗೆಯನ್ನು ಹೊತ್ತುಕೊಂಡು, ಹಿಂದಕ್ಕೆ ಬರುತ್ತಾ ಅಗಲವಾಗಿ, ಹೊಡೆಯುವವನ ಕೆನ್ನೆಯ ಕೆಳಗೆ ಹಾದು ಭುಜಕ್ಕೆ ಒತ್ತಿ ನಿಲ್ಲುವ ಮರವಿದೆಯಲ್ಲ, ಅದು. ನಮ್ಮದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ತೆಂಗಿನ ನಾರು ಇಟ್ಟು, ಗುಂಡು ಬಿಟ್ಟು, ಉದ್ದದ ಕೋಲಿನಿಂದ ಜಡಿದು, ಹಿಂದೆ ಸಿಡಿಯುವ ಕೇಪು ಸಿಕ್ಕಿಸಿ, ಕುದುರೆ ಎಂಬ ಕೊಕ್ಕೆಯನ್ನು ಬೆರಳಿನಿಂದ ಎಳೆದು ಹೊಡೆಯುವಂಥದ್ದು. ಅದರ ಮರ ಬೀಟೆಯದು, ಕಲ್ಲಿನಂತೆ ಭಾರ, ಭುಜಕ್ಕೆ ತಾಗುವ ತುದಿಗೆ ಹಿತ್ತಾಳೆಯ ತಗಡು. ಮಾಡಿಸಿದವನು ನನ್ನ ಮುತ್ತಜ್ಜ. ಆತ ತಲೆ ತಗ್ಗಿಸದೆ ನಡುಮನೆಗೆ ಬರಲಾರದಷ್ಟು ಎತ್ತರವಿದ್ದನಂತೆ. ಅವನ ತೋಳಿಗೆ ಅಳೆದು ಮಾಡಿಸಿದ ಮರ. ಆತ ಸತ್ತ, ತೋಳು ಮಣ್ಣಾಯಿತು, ಮರ ಉಳಿಯಿತು. ಅವನ ಮಗ ಗಿಡ್ಡ, ಮೊಮ್ಮಗನಾದ ನನ್ನ ಅಪ್ಪಯ್ಯ ಇನ್ನೂ ಗಿಡ್ಡ. ಆದರೆ ಆಯುಧ ಪೂಜೆಗೆ ಕೂರುವ ಕೋವಿಯ ಮರಕ್ಕೆ ಉಳಿ, ಗರಗಸ ತಾಗಿಸಬಾರದು ಎಂಬುದು ಮನೆಯ ಕಟ್ಟಳೆ. ಎಷ್ಟು ಕೊಯ್ದರೆ ಮನೆಯ ಗಂಡಸಿನ ಆಯುಸ್ಸನ್ನು ಅಷ್ಟು ಕೊಯ್ದ ಹಾಗೆ.

ಅದೇ ಮನೆಯಲ್ಲಿ ಮಿಕ್ಕ ಯಾವ ಸಾಮಾನಿಗೂ ಈ ಕಟ್ಟಳೆ ಇರಲಿಲ್ಲ ನೋಡಿ. ಗುದ್ದಲಿಗೆ, ಕೊಡಲಿಗೆ, ಕತ್ತಿಗೆ ಹಾಕುವ ಹಿಡಿಗೆ ನಾವು ಕಾವು ಎನ್ನುತ್ತೇವೆ. ಪ್ರತಿಯೊಬ್ಬರಿಗೂ ಅವರವರ ಅಳತೆಯ ಕಾವು. ಅಪ್ಪಯ್ಯನ ಗುದ್ದಲಿಯನ್ನು ಅವ್ವ ಮುಟ್ಟುತ್ತಿರಲಿಲ್ಲ, ಅವ್ವನದನ್ನು ನಾನು ಹಿಡಿದರೆ ಬೈಗಳು ಬೀಳುತ್ತಿತ್ತು. ನಾನು ಎತ್ತರವಾಗುತ್ತಾ ಬಂದ ಹಾಗೆ ಅವ್ವ ನನ್ನ ಗುದ್ದಲಿಗೆ ಹೊಸ ಕಾವು ಹೊಂದಿಸಿ ಕೊಡುತ್ತಿದ್ದಳು. ಆ ಕೆಲಸದಲ್ಲಿ ಅವಳ ಕೈ ಗಂಡಸರಿಗಿಂತ ಚೊಕ್ಕ. ಕಾವು ಉದ್ದವಾದರೆ ಸೊಂಟ ಹಿಡಿಯುತ್ತದೆ, ಗಿಡ್ಡವಾದರೆ ಬೆನ್ನು ಮುರಿಯುತ್ತದೆ, ಎರಡರಲ್ಲೂ ಏಟು ಬೀಳಬೇಕಾದ ಕಡೆ ಬೀಳುವುದಿಲ್ಲ. ಇದು ನಮ್ಮ ಮನೆಯಲ್ಲಿ ಎಮ್ಮೆಗೂ ಗೊತ್ತಿತ್ತು. ಕೋವಿಯ ಎದುರಿಗೆ ಬಂದಾಗ ಮಾತ್ರ ಎಲ್ಲರೂ ಮರೆಯುತ್ತಿದ್ದರು.

ಭತ್ತ ತೆನೆಯಾದಾಗ ಕಾಡುಹಂದಿ ಗದ್ದೆಗೆ ಇಳಿಯುತ್ತಿತ್ತು. ಅಪ್ಪಯ್ಯ ಹೊಡೆದ ಗುಂಡು ಹಂದಿಯ ಮೇಲೆ ಹಾದು ಹೋಗುತ್ತಿತ್ತು, ಹಂದಿ ಮುಂದಿನ ಗದ್ದೆಗೆ ಹೋಗಿ ಮೇಯುತ್ತಿತ್ತು. ಕೋವಿ ಒದ್ದ ಏಟಿಗೆ ಅಪ್ಪಯ್ಯನ ತೋಳು ಹಾಗಲಕಾಯಿಯ ಹಾಗೆ ಊದಿಕೊಂಡು ಮರುದಿನಕ್ಕೆ ಕಪ್ಪಗಾಗುತ್ತಿತ್ತು. ಇದರಿಂದ ಯಾರಿಗೂ ನಾಚಿಕೆ ಇರಲಿಲ್ಲ. ಕೋವಿ ಒದೆಯುವುದೇ ಗಂಡಸುತನ ಎಂದು ಅವರ ಲೆಕ್ಕ. ಮೇಲ್ಮನೆಯ ತಿಮ್ಮಪ್ಪ ಚಿಕ್ಕಪ್ಪ ಅಂಗಿ ಸರಿಸಿ ತನ್ನ ಭುಜ ತೋರಿಸುತ್ತಿದ್ದ, ಅಪ್ಪಯ್ಯ ತನ್ನದನ್ನು ತೋರಿಸುತ್ತಿದ್ದರು. ಯಾರದ್ದು ಹೆಚ್ಚು ಕಪ್ಪೋ ಅವರ ತಟ್ಟೆಗೆ ಇನ್ನೊಂದು ಕಡುಬು ಬೀಳುತ್ತಿತ್ತು. ಹಂದಿ ಬಿದ್ದಿತೋ ಇಲ್ಲವೋ ಎಂದು ಕೇಳುವವರಿಲ್ಲ. ಎಲ್ಲ ಮುಗಿದ ಮೇಲೆ ಅವ್ವ ಎಳ್ಳೆಣ್ಣೆ ಬಿಸಿ ಮಾಡಿ ತಂದು ಆ ತೋಳನ್ನು ತಿಕ್ಕುತ್ತಿದ್ದಳು.

ವಿಜಯದಶಮಿಯ ದಿನ ನಮ್ಮ ಅಂಗಳದಲ್ಲಿ ಒಂದು ಶಾಸ್ತ್ರವಿತ್ತು. ಅಂಗಳದ ತುದಿಯಲ್ಲಿ ಗೋಡೆಯಂತೆ ಎದ್ದ ಮಣ್ಣಿನ ದಿಣ್ಣೆ, ಅದಕ್ಕೆ ನಾವು ಧರೆ ಎನ್ನುತ್ತೇವೆ. ಅದರ ಮುಂದೆ ಗೂಟ ನೆಟ್ಟು, ಗೂಟದ ಮೇಲೆ ತೆಂಗಿನಕಾಯಿ ಇಟ್ಟು, ಪೂಜೆ ಮಾಡಿದ ಕೋವಿಯಿಂದ ಮನೆಯ ಯಜಮಾನ ಅದನ್ನು ಹೊಡೆಯಬೇಕು. ಕಾಯಿ ಒಡೆದರೆ ವರ್ಷವೆಲ್ಲ ಫಸಲು ಮನೆಗೆ, ತಪ್ಪಿದರೆ ಹಂದಿಗೆ ಎಂದು ನಂಬಿಕೆ. ಸುತ್ತಲಿನ ಮನೆಗಳ ಗಂಡಸರೆಲ್ಲ ನೋಡಲು ಬರುತ್ತಿದ್ದರು. ನಾನು ಶಾಲೆಗೆ ಸೇರಿ ಸ್ವಲ್ಪ ದೊಡ್ಡವಳಾದ ವರ್ಷ ಅಪ್ಪಯ್ಯನ ಗುಂಡು ಮತ್ತೆ ತಪ್ಪಿತು. ಕಾಯಿ ಅಲ್ಲಾಡಲೂ ಇಲ್ಲ.

"ಎಂತ ಮಾರಾಯ," ಎಂದ ತಿಮ್ಮಪ್ಪ ಚಿಕ್ಕಪ್ಪ, "ಕಾಯಿ ಒಡೆಯಾಕೆ ಹೊಡೆದ್ಯನಾ, ಇಲ್ಲ ಅದಕ್ಕೊಂದು ನಮಸ್ಕಾರ ಹೇಳಾಕೆ ಹೊಡೆದ್ಯನಾ?"

ಎಲ್ಲರೂ ನಕ್ಕರು. ಅಪ್ಪಯ್ಯನ ಕಿವಿ ಕೆಂಪಾಯಿತು. ಆಗ ಜಗಲಿಯಿಂದ ಅಜ್ಜಿಯ ದನಿ ಬಂತು. ಅಜ್ಜಿ ಎಂದರೆ ಅಪ್ಪಯ್ಯನ ತಾಯಿ. ತೆಳ್ಳಗಿನ, ನೆಟ್ಟಗಿನ ಹೆಂಗಸು. ಅವಳ ಮಾತಿನ ಮೇಲೆ ಮನೆಯಲ್ಲಿ ಮಾತಿರಲಿಲ್ಲ.

"ಅವನ ತಪ್ಪು ಎಂತದೂ ಇಲ್ಲ. ನಿನ್ನೆ ಕೋವಿ ತೊಳೆದು ಅಂಗಳದಾಗೆ ಚಾಪೆ ಮೇಲೆ ಒಣಗಾಕೆ ಇಟ್ಟಿದ್ದೆ. ಇವಳು ಅಕ್ಕಿ ಕೇರಾ ಗೆರಸಿ ಹಿಡಕಂಡು ಅದನ್ನ ದಾಟಿದ್ದಾಳೆ. ಹೆಂಗಸು ದಾಟಿದ ಕೋವಿ ಗುರಿಗೆ ಬೀಳ್ತದನಾ?"

"ಇಲ್ಲ ಅತ್ತೆ, ಸುತ್ತು ಹಾಕಿಯೇ ಬಂದೆ," ಎಂದಳು ಅವ್ವ.

"ನನ್ನ ಕಣ್ಣು ಇನ್ನೂ ಹೋಗಿಲ್ಲ."

ಅವ್ವ ದಾಟಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ದಾಟಿದ್ದರೆ ಏನು? ಬೆಕ್ಕು ದಾಟುತ್ತಿತ್ತು, ಕೋಳಿ ಅದರ ಮೇಲೆ ಕೂತು ಹಿಕ್ಕೆ ಹಾಕುತ್ತಿತ್ತು. ಆದರೆ ಅಂಗಳದಲ್ಲಿದ್ದ ಗಂಡಸರೆಲ್ಲ ತಲೆ ಆಡಿಸಿದರು, ಅಪ್ಪಯ್ಯನ ಕಿವಿಯ ಕೆಂಪು ಇಳಿಯಿತು. ತಪ್ಪಿಗೆ ಒಂದು ಜಾಗ ಸಿಕ್ಕಿತ್ತು. ಅಜ್ಜಿ ಅವತ್ತೇ ಹೇಳಿಬಿಟ್ಟಳು: ಇನ್ನು ಮೇಲೆ ಇವಳು ಕೋವಿ ಇರುವ ಜಗಲಿಗೆ ಕಾಲಿಡಬಾರದು, ಓಡಾಟವೆಲ್ಲ ಹಿತ್ತಿಲ ಬಾಗಿಲಲ್ಲಿ.

ಅದೇನು ದೊಡ್ಡ ಶಿಕ್ಷೆ, ಊಟ ಬಟ್ಟೆ ಕೊಡುತ್ತಿದ್ದರಲ್ಲ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ದೊಡ್ಡಪ್ಪನೂ ಅದನ್ನೇ ಕೇಳಿದ. ಅಂಗಳಕ್ಕೆ ಬರಬೇಕಾದರೆ ಅವ್ವ ಅಡಿಗೆಮನೆಯಿಂದ ಬಚ್ಚಲು ಹಾಯ್ದು, ಕೊಟ್ಟಿಗೆಯ ಗಂಜಲದಲ್ಲಿ ಕಾಲಿಟ್ಟು, ಮನೆಯ ಅರ್ಧ ಸುತ್ತು ಹಾಕಬೇಕು. ತಾನು ತಟ್ಟಿದ ಅಕ್ಕಿರೊಟ್ಟಿಯನ್ನು ತಾನು ಬಡಿಸುವ ಹಾಗಿಲ್ಲ, ಹೊಸ್ತಿಲ ಒಳಗೆ ನಿಂತು ನನ್ನ ಕೈಗೆ ಕೊಡಬೇಕು. ಉಪ್ಪು ಹೆಚ್ಚಾದರೆ ಬೈಗಳು ಮಾತ್ರ ಹೊಸ್ತಿಲು ದಾಟಿ ಅವಳಿಗೆ ತಲುಪುತ್ತಿತ್ತು. ಶೃಂಗೇರಿ ಕಡೆಯ ಬೇಗಾರಿನಿಂದ ಅವಳ ಅಪ್ಪ ಒಮ್ಮೆ ಮಗಳನ್ನು ನೋಡಲು ಬಂದರು. ಅವರು ಜಗಲಿಯಲ್ಲಿ ಕೂತರು, ಅವ್ವ ನಡುಮನೆಯ ಕತ್ತಲಲ್ಲಿ ನಿಂತಳು. ನಡುವೆ ನಾನು ಬೆಲ್ಲ ನೀರು ಹಿಡಿದು ನಿಂತಿದ್ದೆ.

"ಈಚೆ ಬಾ ಮಗ, ಮುಖ ಕಾಣಾದಿಲ್ಲ," ಎಂದರು ಅಜ್ಜ.

"ಇಲ್ಲೇ ಇದ್ದೀನಿ ಅಪ್ಪ. ಒಲೆ ಮೇಲೆ ಹಾಲಿದೆ," ಎಂದಳು ಅವ್ವ. ಒಲೆಯ ಮೇಲೆ ಏನೂ ಇರಲಿಲ್ಲ. ಅಜ್ಜ ಅರ್ಥವಾಗದೆ ನನ್ನನ್ನು ನೋಡಿದರು. ನಾನು ಹೇಳಬೇಕಿತ್ತು, ಕೈಯಲ್ಲಿದ್ದ ಬೆಲ್ಲ ನೀರನ್ನು ಮುಂದೆ ಚಾಚಿದೆ.

ಅವ್ವ ಹಿತ್ತಿಲಲ್ಲಿ ಓಡಾಡಿದ ಮಾತ್ರಕ್ಕೆ ಅಪ್ಪಯ್ಯನ ಗುಂಡು ಕೆಳಗಿಳಿಯಲಿಲ್ಲ. ಮುಂದಿನ ಭತ್ತಕ್ಕೂ ಹಂದಿ ಬಂತು, ಗುಂಡು ಮೇಲೆ ಹೋಯಿತು, ತೋಳು ಕಪ್ಪಾಯಿತು. ಅಜ್ಜಿಯ ನಂಬಿಕೆ ಅಲ್ಲಾಡಲಿಲ್ಲ, ಇನ್ನೂ ಬಿಗಿಯಾಯಿತು.

"ಇವಳು ಸೂರಿನ ಕೆಳಗೆ ಇರಾವರೆಗೂ ದೋಷ ಹೋಗಾದಿಲ್ಲ," ಎಂದಳು ಒಂದು ಮಧ್ಯಾಹ್ನ, ಊಟಕ್ಕೆ ಕೂತ ಮಗನಿಗೆ. "ಈ ದಶಮಿಗೂ ಕಾಯಿ ಒಡೀದಿದ್ರೆ ಇವಳನ್ನ ಬೇಗಾರಿಗೆ ಬಿಟ್ಟು ಬಾ. ಮುಂದಿನದ್ದು ಆಮೇಲೆ ನೋಡಾನ."

ಅಪ್ಪಯ್ಯ ಹುರುಳಿ ಸಾರಿಗೆ ಅನ್ನ ಕಲಸುತ್ತಿದ್ದವರು ಕಲಸುತ್ತಲೇ ಇದ್ದರು. ನಾನು ಹೊಸ್ತಿಲ ಒಳಗೆ ತಿರುಗಿ ನೋಡಿದೆ. ಅವ್ವ ಸೌಟು ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅವತ್ತು ಸಂಜೆ ಹಿತ್ತಿಲ ಕಟ್ಟೆಯ ಮೇಲೆ ಅವ್ವ ನನ್ನ ತಲೆ ಬಾಚುತ್ತಿದ್ದಳು. ನನಗೆ ಎದುರಿಗೆ ಮಾತನಾಡಲು ಆಗದಿದ್ದರೂ ಬೆನ್ನು ಹಾಕಿ ಕೂತಾಗ ಮಾತು ಬರುತ್ತಿತ್ತು. ಕರು ಮೇಯಿಸುವಾಗ ನಾನು ಅಂಗಳದ ತುದಿಯ ಧರೆಯನ್ನು ನೋಡಿದ್ದೆ. ಪ್ರತಿ ದಶಮಿಯ ಗುಂಡು ಕೆಂಪು ಮಣ್ಣಿನಲ್ಲಿ ಕೊರೆದ ಗುಳಿಗಳು ಹಾಗೇ ಇದ್ದವು.

"ಅವ್ವ, ಗುಳಿ ಎಲ್ಲಾ ಗೂಟಕ್ಕಿಂತ ಮೇಲೇ ಇದಾವೆ. ಒಂದೂ ಕೆಳಗಿಲ್ಲ, ಪಕ್ಕಕ್ಕೂ ಇಲ್ಲ. ದೋಷ ಇದ್ದರೆ ಗುಂಡು ಹೆಂಗೆಂಗೋ ಹೋಗಬೇಕಿತ್ತಲ್ಲನಾ?"

ಬಾಚಣಿಗೆ ನಿಂತಿತು.

"ಎಲ್ಲಾ ಮೇಲೆ?"

"ಹ್ಞೂಂ. ಒಂದರ ಪಕ್ಕ ಒಂದು."

ಅವ್ವ ಬಾಚಣಿಗೆಯನ್ನು ಕಟ್ಟೆಯ ಮೇಲಿಟ್ಟು ಹೇಳಿದಳು: "ಏಟು ಬೀಳಾದೂ ಒಂದೇ ಕಡೆ ಸೀತೂ. ಎಣ್ಣೆ ಹಚ್ಚೋಳು ನಾನಲ್ಲನಾ? ಕೋವಿ ಕೂರಬೇಕಾದ್ದು ಇಲ್ಲಿ," ಎಂದು ನನ್ನ ಭುಜದ ಒಳಗಿನ ಗುಳಿಯನ್ನು ಒತ್ತಿದಳು. "ಅವರಿಗೆ ಕಪ್ಪಾಗಾದು ಇಲ್ಲಿ, ತೋಳಲ್ಲಿ. ಮರ ಅವರ ಭುಜದ ಒಳಗೆ ಬರ್ತಾನೇ ಇಲ್ಲ. ಉದ್ದ ಆಗಿ ಆಚೆ ಜಾರ್ತದೆ. ಕುದುರೆಗೆ ಬೆರಳು ಎಟುಕಿಸಾಕೆ ಕತ್ತು ಚಾಚ್ತಾರೆ, ಕೆನ್ನೆ ಮರದ ಮೇಲೆ ಕೂರಾದಿಲ್ಲ, ತಲೆ ಮೇಲೇ ಉಳೀತದೆ. ಕಣ್ಣು ಮೇಲಿದ್ರೆ ಗುಂಡೂ ಮೇಲೆ. ಮುತ್ತಜ್ಜನ ಗುದ್ದಲಿ ಕೊಟ್ಟು ಅಗಿ ಅಂದ ಹಂಗಾಯ್ತು."

ಇಷ್ಟೇ. ಕೋವಿ ಯಾಕೆ ಗುರಿ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನದನ್ನು ನಾನು ಇವತ್ತಿಗೂ ಕೇಳಿಲ್ಲ. ಮೊನ್ನೆ ನಮ್ಮ ದೊಡ್ಡ ಮೊಮ್ಮಗಳು ಕಾಲೇಜಿನ ಶಿಬಿರದಿಂದ ಬಂದು ರೈಫಲ್ ಒದ್ದ ಭುಜ ತೋರಿಸಿದಳು. ಹುಡುಗಿಯರ ಮೈ ಮೆತ್ತಗೆ, ಸಹಿಸಿಕೋ ಎಂದು ಜೊತೆಯವರು ನಕ್ಕರಂತೆ. ಸಹಿಸಬೇಡ ಮಗ. ಆ ರೈಫಲ್ಲಿನ ಮರ ಯಾರ ಅಳತೆಯದು ಎಂದು ಕೇಳು. ಈಗಿನ ಕೆಲವು ರೈಫಲ್ಲುಗಳಲ್ಲಿ ಭುಜದ ಕಡೆ, ಕೆನ್ನೆಯ ಕಡೆ ತಿರುಪು ಇರುತ್ತದಂತೆ, ತಿರುಗಿಸಿ ನಮ್ಮ ಮೈಗೆ ಹೊಂದಿಸಿಕೊಳ್ಳಬಹುದಂತೆ. ನೀನೇ ಹೇಳಿದೆಯಲ್ಲ. ನನ್ನ ಅವ್ವನಿಗೆ ಅಂಥ ತಿರುಪು ಇರಲಿಲ್ಲ.

ನವರಾತ್ರಿಯಲ್ಲಿ ಅಜ್ಜಿಯನ್ನು ಕರೆದುಕೊಂಡು ಅಪ್ಪಯ್ಯ ದೇವಿಯ ಅಲಂಕಾರ ತೋರಿಸಲು ಶೃಂಗೇರಿಗೆ ಹೋದರು. ಬಸ್ಸಿನ ಸದ್ದು ತಿರುವಿನಾಚೆ ಸಾಯುವವರೆಗೂ ಅವ್ವ ಹಿತ್ತಿಲಲ್ಲಿ ನಿಂತಿದ್ದಳು. ಆಮೇಲೆ ಕೈಕಾಲು ತೊಳೆದು ಒಳಗೆ ಬಂದು, ಅಡಿಗೆಮನೆ, ನಡುಮನೆ ದಾಟಿ, ಹೊಸ್ತಿಲ ಹತ್ತಿರ ನಿಲ್ಲದೆ ಜಗಲಿಗೆ ಕಾಲಿಟ್ಟಳು. ನಾನು ಗೂಟದ ಮೇಲಿನ ಕೋವಿಯನ್ನು ನೋಡಿದೆ. ಏನೂ ಆಗಲಿಲ್ಲ. ಹಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲು ಬೀಳುತ್ತಲೇ ಇತ್ತು. ಮಣೆಯ ಮೇಲೆ ಹತ್ತಿ ಕೋವಿಯನ್ನು ಇಳಿಸಿದಳು. ಒಳಗೆ ಮದ್ದಿಲ್ಲ ಎಂದು ಕೋಲು ಇಳಿಸಿ ನೋಡಿಕೊಂಡಳು.

"ಅವ್ವ, ಅಪ್ಪಯ್ಯನ ಆಯುಸ್ಸು..." ಎಂದೆ. ನನಗೆ ನಿಜವಾಗಿ ಭಯವಾಗಿತ್ತು.

"ಇದನ್ನ ಕೊಯ್ಯದೇ ಇದ್ದ ನನ್ನ ಮಾವ ನೂರು ವರ್ಷ ಬದುಕಿದ್ರನಾ? ಹಿಡಿ ಆ ಕಡೆ."

ಕಾವಿನ ಉದ್ದ ನೋಡಲು ನಮ್ಮಲ್ಲಿ ಒಂದು ಅಳತೆ ಇದೆ: ತೋಳು ಮಡಚಿದ ಸಂದಿಯಿಂದ ಬೆರಳಿನವರೆಗೆ. ಕೋವಿಯ ಹಿಂಬದಿಯನ್ನು ಮೊಣಕೈ ಸಂದಿಗೆ ಇಟ್ಟರೆ ತೋರುಬೆರಳು ಆಯಾಸವಿಲ್ಲದೆ ಕುದುರೆಗೆ ಸಿಗಬೇಕು. ಅಪ್ಪಯ್ಯನ ತೋಳು ಅಲ್ಲಿ ಇಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಅವ್ವ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು.

"ಮದುವೆ ಆದಾಗಿಂದ ತಿಕ್ಕಿದ ತೋಳು. ನನಗೆ ಗೊತ್ತಿಲ್ವನಾ?"

ತನ್ನ ಗೇಣಿನಲ್ಲಿ ಅಳೆದು, ಎರಡು ಬೆರಳಿನಷ್ಟು ಹೆಚ್ಚು ಎಂದು ಇದ್ದಿಲಿನಿಂದ ಗೆರೆ ಹಾಕಿದಳು. ಹಿತ್ತಾಳೆಯ ತಗಡಿನ ತಿರುಪು ಬಿಚ್ಚಿದಳು. ನಾನು ನಳಿಗೆಯ ಮೇಲೆ ಗೋಣಿ ಹಾಕಿ ಅದುಮಿ ಹಿಡಿದೆ. ಜಗಲಿಯ ನಟ್ಟನಡುವೆ, ಹಾಡುಹಗಲಲ್ಲಿ, ಅವ್ವ ಗರಗಸ ಎಳೆದಳು. ಬೀಟೆ ಸುಲಭಕ್ಕೆ ಬಗ್ಗುವ ಮರವಲ್ಲ. ಅವಳ ಕುಪ್ಪಸ ಬೆನ್ನಿಗೆ ಅಂಟಿತು, ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆಯಿತು. ಕೊಯ್ದ ತುಂಡು ನೆಲಕ್ಕೆ ಬಿದ್ದಾಗ ಅದನ್ನು ಎತ್ತಿ ಒಲೆಗೆ ಹಾಕಿದಳು. ಆ ದಿನದ ಅನ್ನಕ್ಕೆ ಅದೇ ಸೌದೆ. ತಗಡನ್ನು ಮತ್ತೆ ಕೂರಿಸಿದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಹೊರಗೆ ಬಂತು. ಅಲ್ಲಿ ಮಸಿ, ಎಣ್ಣೆ ತಿಕ್ಕಿದಳು. ಕೋವಿ ಗೂಟದ ಮೇಲೆ ಮೊದಲಿನಂತೆಯೇ ಮಲಗಿತು.

ಕೆನ್ನೆಯ ಎತ್ತರದ್ದು ಇನ್ನೂ ಉಳಿದಿತ್ತು, ಕೆನ್ನೆ ತೇಲದೆ ಮರಕ್ಕೆ ಒತ್ತಿ ಕೂರಲು ಅಲ್ಲೊಂದು ಮೆತ್ತೆ ಬೇಕಿತ್ತು. ಪೂಜೆಯ ದಿನ ಕೋವಿಗೆ ಅರಿಶಿನದ ಬಟ್ಟೆ ಸುತ್ತುವ ಪದ್ಧತಿ ನಮ್ಮಲ್ಲಿದೆ, ದಶಮಿಯ ಗುಂಡು ಹೊಡೆಯುವವರೆಗೂ ಅದನ್ನು ಬಿಚ್ಚುವುದಿಲ್ಲ. ಪ್ರತಿ ಸಲ ಅದನ್ನು ಮರ ಸಣ್ಣಗಾಗುವ ಕುತ್ತಿಗೆಯ ಹತ್ತಿರ ಸುಮ್ಮನೆ ಕಟ್ಟುತ್ತಿದ್ದರು. ಆ ವರ್ಷ ಕಟ್ಟುವ ಕೆಲಸ ನನ್ನದು. ಅವ್ವ ಹಳೆಯ ಸೀರೆಯನ್ನು ಮಡಿಕೆ ಮಡಿಕೆಯಾಗಿ ಹೊಲಿದು, ಅರಿಶಿನದಲ್ಲಿ ಅದ್ದಿ, ಕೆನ್ನೆ ಕೂರುವ ಜಾಗವನ್ನು ಬೆರಳಿಟ್ಟು ತೋರಿಸಿದ್ದಳು. ನಾನು ಅಲ್ಲೇ ಬಿಗಿದೆ. ಅಜ್ಜಿ ನೋಡಿ, "ಎಷ್ಟ್ ದಪ್ಪ ಸುತ್ತಿದ್ಯೇ ಹೆಣ್ಣೇ, ಕೋವಿಗೇನು ಚಳಿ ಆಗ್ತದನಾ?" ಎಂದಳು, ಬಿಚ್ಚಲಿಲ್ಲ.

ದಶಮಿಯ ದಿನ ಗಂಡಸರೆಲ್ಲ ಬಂದು ಅಂಗಳದಲ್ಲಿ ನಿಂತರು. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಅವ್ವ ಕೊಟ್ಟಿಗೆಯ ಕಡೆಯಿಂದ ಸುತ್ತು ಹಾಕಿ ಬಂದು ಅಂಗಳದ ಮೂಲೆಯಲ್ಲಿ ನಿಂತಳು. ಅಪ್ಪಯ್ಯ ಮದ್ದು ಜಡಿದು ಕೋವಿ ಎತ್ತಿದರು. ಅದು ಭುಜಕ್ಕೆ ಬಂದ ಕ್ಷಣ ಅವರಿಗೆ ಗೊತ್ತಾಯಿತು. ಅಭ್ಯಾಸದಂತೆ ಕತ್ತು ಚಾಚಿದರು, ಚಾಚುವ ಅಗತ್ಯವಿರಲಿಲ್ಲ. ಕೋವಿ ಇಳಿಸಿ ತಗಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮೂಲೆಯಲ್ಲಿದ್ದ ಅವ್ವನ ಕಡೆ ನೋಡಿದರು. ಅವ್ವ ಕಣ್ಣು ತಗ್ಗಿಸಲಿಲ್ಲ. ಅಪ್ಪಯ್ಯ ಮತ್ತೆ ಕೋವಿ ಎತ್ತಿ, ಕೆನ್ನೆ ಇಟ್ಟು, ಹೊಡೆದರು. ಕಾಯಿ ಚೂರಾಗಿ ನೀರು ಧರೆಗೆ ಸಿಡಿಯಿತು.

"ಬಂತಪ್ಪ ಕೊನೆಗೂ ಆ ಕಾಯಿಗೆ ಸಾವು," ಎಂದ ತಿಮ್ಮಪ್ಪ ಚಿಕ್ಕಪ್ಪ.

ಗದ್ದಲದ ನಡುವೆ ಅಜ್ಜಿಯ ದನಿ ಎದ್ದಿತು. "ನಾ ಹೇಳಿರಲಿಲ್ವನಾ? ವರ್ಷ ಪೂರ್ತಿ ಅವಳ ಕಾಲು ತಾಗದಂಗೆ ಇಟ್ಟಿದ್ದಕ್ಕೆ ಕೋವಿ ಶುದ್ಧ ಆತು. ಇನ್ನು ಬೇಗಾರಿಗೆ ಹೋಗಾದು ಬ್ಯಾಡ. ಆದರೆ ಬದುಕಿರಾವರೆಗೂ ಜಗಲಿ ಹತ್ತಬಾರದು."

ಗಂಡಸರು ಹೌದು ಹೌದು ಎಂದರು. ಅಪ್ಪಯ್ಯನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ, ಕೈಯಲ್ಲಿ ಆ ಕೋವಿಯನ್ನೇ ಹಿಡಿದುಕೊಂಡು, ಸುಮ್ಮನೆ ನಿಂತಿದ್ದರು. ನಿಮ್ಮ ದೊಡ್ಡಪ್ಪ ಏನು ಬೇಕಾದರೂ ಹೇಳಲಿ, ಅಪ್ಪಯ್ಯ ಅವತ್ತು ಸುಮ್ಮನೆ ನಿಂತಿದ್ದರು ಎಂದೇ ಬರೆಯುತ್ತೇನೆ.

ಅವ್ವ ಮೂಲೆಯಿಂದ ನಡೆದು ಬಂದಳು. ಅಷ್ಟು ಗಂಡಸರ ನಡುವೆ ಅವಳು ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಅದನ್ನ ಕೆಳಗೆ ಇಡಿ," ಎಂದಳು ಅಪ್ಪಯ್ಯನಿಗೆ.

ಯಾಕೋ ಏನೋ, ಅವರು ಅಂಗಳದಲ್ಲಿ ಹಾಸಿದ್ದ ಚಾಪೆಯ ಮೇಲೆ ಇಟ್ಟರು. ಚಾಪೆಯ ಮೇಲೆ ಮಲಗಿದ ಕೋವಿಯನ್ನು ಅವ್ವ ಸೀರೆ ತುಸು ಎತ್ತಿ ದಾಟಿದಳು. ಆ ಕಡೆ ಹೋಗಿ ತಿರುಗಿ ನಿಂತು, ಮತ್ತೆ ಈ ಕಡೆಗೆ ದಾಟಿದಳು. ಯಾರೋ ಅಯ್ಯೋ ಎಂದರು. ಅಜ್ಜಿ ಕಂಬ ಹಿಡಿದು ಎದ್ದಳು.

"ಎಂತ ಮಾಡಿದ್ಯೇ?"

"ದಾಟಿದೆ ಅತ್ತೆ. ಎಲ್ಲರೂ ನೋಡಿದ್ದಾರೆ. ಈಗ ಇನ್ನೊಂದು ಕಾಯಿ ಇಡಿ, ಇವರು ಹೊಡೀಲಿ. ತಪ್ಪಿದ್ರೆ ಸಂಜೆ ಬಸ್ಸಿಗೆ ನಾನೇ ಬೇಗಾರಿಗೆ ಹೋಗ್ತೀನಿ, ಯಾರೂ ಬಿಟ್ಟು ಬರಾದು ಬ್ಯಾಡ. ತಪ್ಪದಿದ್ರೆ ನನ್ನ ಮನೆ ಜಗಲೀಲಿ ನಾನು ಓಡಾಡ್ತೀನಿ."

ಕೇಪಿನ ಕೋವಿಗೆ ಮದ್ದು ತುಂಬಲು ಹೊತ್ತು ಹಿಡಿಯುತ್ತದೆ. ಮದ್ದು ಸುರಿದು, ನಾರು ಇಟ್ಟು, ಜಡಿದು, ಗುಂಡು ಬಿಟ್ಟು, ಮತ್ತೆ ನಾರು ಇಟ್ಟು ಜಡಿಯಬೇಕು. ಅಷ್ಟರಲ್ಲಿ ಯಾರೋ ಗೂಟದ ಮೇಲೆ ಇನ್ನೊಂದು ಕಾಯಿ ಇಟ್ಟರು. ನನಗೆ ಭಯವಿದ್ದದ್ದು ಕೋವಿಯದ್ದಲ್ಲ. ಅಪ್ಪಯ್ಯ ಬೇಕೆಂದೇ ತಪ್ಪಿಸಬಹುದಿತ್ತು. ತಾಯಿಯ ಮಾತು ಉಳಿಯುತ್ತಿತ್ತು, ಎದುರು ನಿಂತ ಹೆಂಡತಿಗೆ ಬುದ್ಧಿಯೂ ಕಲಿಸಿದ ಹಾಗಾಗುತ್ತಿತ್ತು. ತಲೆಯನ್ನು ಒಂದಿಷ್ಟು ಎತ್ತಿದರೆ ಸಾಕು. ಅವರು ಕೋವಿ ಎತ್ತಿದರು. ನಾನು ನಳಿಗೆಯನ್ನು ನೋಡಲಿಲ್ಲ, ಅವರ ಕೆನ್ನೆಯನ್ನೇ ನೋಡಿದೆ. ಅದು ಹಳದಿ ಬಟ್ಟೆಯ ಮೇಲೆ ಇಳಿಯಿತು, ಅದುಮಿ ಕೂತಿತು.

ಕಾಯಿ ಒಡೆಯಿತು.

ಮೊದಲು ಚೇತರಿಸಿಕೊಂಡವನು ತಿಮ್ಮಪ್ಪ ಚಿಕ್ಕಪ್ಪ. "ಅತ್ತಿಗೆ, ಒಂದು ಉಪಕಾರ ಮಾಡಿ. ನಮ್ಮನೆ ಕೋವೀನೂ ಒಂದ್ಸಲ ದಾಟಿಬಿಡಿ."

"ನನ್ನ ಕಾಲಲ್ಲಿ ಎಂತದೂ ಇಲ್ಲ," ಎಂದಳು ಅವ್ವ. "ಮರ ಇವರ ತೋಳಿಗೆ ಉದ್ದ ಇತ್ತು. ಎರಡು ಬೆರಳು ಕೊಯ್ದೆ, ಕೆನ್ನೆಗೆ ಬಟ್ಟೆ ಕಟ್ಟಿಸಿದೆ. ನಿಮ್ಮದನ್ನೂ ಅಳೆದು ನೋಡಿ."

"ಪೂಜೆ ಕೋವಿಗೆ ಗರಗಸ ಹಾಕಿದ್ಯಾ?" ಎಂದಳು ಅಜ್ಜಿ.

"ಹಾಕಿದೆ."

ಎಲ್ಲರೂ ಅಪ್ಪಯ್ಯನ ಕಡೆ ತಿರುಗಿದರು. ಅವರು ಕೋವಿಯ ಹಿಂಬದಿಯನ್ನು ಮೊಣಕೈ ಸಂದಿಗೆ ಇಟ್ಟು, ಬೆರಳು ಚಾಚಿ ನೋಡುತ್ತಿದ್ದರು.

"ಇನ್ನೊಂದು ಅರ್ಧ ಬೆರಳು ಕೊಯ್ಯಬಹುದಿತ್ತು," ಎಂದರು.

ಅಂಗಳವೆಲ್ಲ ನಕ್ಕಿತು. ಅಪ್ಪಯ್ಯನೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈಯಲೂ ಇಲ್ಲ. ಮೆಟ್ಟಿಲಿಳಿದು ಬಂದು ಕೋವಿಯ ಮರವನ್ನು ಮುಟ್ಟಿದಳು. ಅವಳು ಕೇಳಿದ್ದು ಅವ್ವನನ್ನು, ಮೆಲ್ಲಗೆ.

"ನಾನು ಈ ಮನೆಗೆ ಬಂದ ಹೊಸದರಲ್ಲಿ ನಿನ್ನ ಮಾವನ ಗುರಿ ತಪ್ಪಿತು. ನಾನು ದಾಟಿದ್ದೀನಿ ಅಂದ್ರು. ನನ್ನ ಹಿರೀ ಮಗಳು ಹುಟ್ಟಿ ನಡೆಯಾವರೆಗೂ ಹಿತ್ತಿಲ ಬಾಗಿಲಲ್ಲೇ ಓಡಾಡಿದ್ದೀನಿ. ನಮ್ಮಪ್ಪ ಸತ್ತ ಸುದ್ದಿ ತಂದವರು ಜಗಲೀಲಿ ಕೂತಿದ್ರು, ಅವರ ಎದುರಿಗೂ ಬಿಡಲಿಲ್ಲ. ಆಗಲೂ ಮರ ಉದ್ದ ಇತ್ತನಾ?"

"ಇದೇ ಮರ ಅಲ್ವಾ ಅತ್ತೆ. ಮಾವನೂ ಇವರ ಹಂಗೇ ಗಿಡ್ಡ ಇದ್ರಂತೆ."

"ಹಂಗಾರೆ ನನ್ನ ಎಂತಕೆ ಹೊರಗೆ ಹಾಕಿದ್ರು?"

ಅವ್ವ ಅಂಗಳದ ಕಡೆ ಕೈ ತೋರಿಸಿದಳು. "ನನ್ನ ಕೇಳಬ್ಯಾಡಿ. ಈಗ ಹೌದು ಹೌದು ಅಂದವರೆಲ್ಲ ಇಲ್ಲೇ ಇದ್ದಾರೆ. ಇವರನ್ನ ಕೇಳಿ."

ಅಜ್ಜಿ ತಿರುಗಿದಳು. ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದಳು. ನಗು ನಿಂತಿತು. ಒಬ್ಬರಿಗೆ ಎಮ್ಮೆ ಕರೆಯುವ ಹೊತ್ತಾಗಿರುವುದು ನೆನಪಾಯಿತು. ಇನ್ನೊಬ್ಬರು ಮೆಟ್ಟು ಹುಡುಕತೊಡಗಿದರು. ತಿಮ್ಮಪ್ಪ ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮತ್ತೆ ಹಾಕಿಕೊಂಡ. ಎಲ್ಲರೂ ಮೆಲ್ಲಗೆ ಅಂಗಳದ ಬಾಗಿಲ ಕಡೆ ಸರಿಯುತ್ತಿದ್ದರು. ಅಲ್ಲಿ ದನ ಬರದಂತೆ ಅಡ್ಡ ಹಾಕುವ ದಣಪೆಯ ಬಿದಿರ ಗಳುಗಳು ಗೋಡೆಗೆ ಒರಗಿದ್ದವು. ಅವ್ವ ಅವರಿಗಿಂತ ಮೊದಲು ಹೋಗಿ, ಒಂದರ ಮೇಲೊಂದು ಗಳು ಏರಿಸಿ, ಅಡ್ಡ ನಿಂತಳು. ನಾನು ಓಡಿ ಹೋಗಿ ಅವಳ ಪಕ್ಕದಲ್ಲಿ ನಿಂತೆ.

"ಅತ್ತೆ ಕೇಳ್ತಿದ್ದಾರೆ," ಎಂದಳು ಅವ್ವ. "ಉತ್ತರ ಹೇಳಿ ಹೋಗಿ."